ಸುಳಿಗಡ್ಡಿಯ ಮೋನವ್ವ ಕಡೆದ ರಾಟೆ

ಮಾಘ ಮಾಸದ ಹುಣ್ಣಿಮೆಯ ಮರುದಿನ, ಸೋಮವಾರ, ಹೊತ್ತು ಮೂಡಿ ಮಾರುದ್ದ ಏರಿದ ಸಮಯಕ್ಕೆ ಇದು ಆರಂಭವಾಯಿತೆಂದು ಹೇಳುತ್ತಾರೆ. ಯಾವ ಸಂವತ್ಸರವೆಂದು ಕೇಳಬೇಡಿ. ಅದನ್ನು ಬಲ್ಲವರು ಯಾರೂ ಉಳಿದಿಲ್ಲ. ಬಹು ಹಿಂದೆ, ಕೃಷ್ಣೆಯ ದಂಡೆಯ ಸುಳಿಗಡ್ಡಿ ಎಂಬ ಒಂದು ಊರಿನಲ್ಲಿ, ಬಡಿಗರ ಮನೆತನದ ಮೋನವ್ವ ಎಂಬವಳಿದ್ದಳು. ಗಂಡ ತೀರಿಕೊಂಡ ಮೇಲೆ ಅವನ ಉಳಿಗಳನ್ನು ಅವಳು ಯಾರಿಗೂ ಕೊಡಲಿಲ್ಲ. ತಾನೇ ಹಿಡಿದಳು. ಮೊದಮೊದಲು ಊರು ನಕ್ಕಿತು. ಆಮೇಲೆ ಕೆಲಸ ತಂದಿತು.

ಅವಳು ಕಡೆಯುತ್ತಿದ್ದುದು ಗಾಳದ ರಾಟೆಗಳನ್ನು. ಬಿದಿರಿನ ಗಳುವಿನ ಬುಡಕ್ಕೆ ಕಟ್ಟಿ, ದಾರ ಸುತ್ತಿ, ಹಿಡಿ ತಿರುಗಿಸಿ ಮೀನನ್ನು ಎಳೆದುಕೊಳ್ಳುವ ಮರದ ರಾಟೆಗಳವು. ಮರಕ್ಕೆ ಕಿವಿಯಿಟ್ಟರೆ ಮಡುವಿನ ತಳದಲ್ಲಿ ಬಾಳೆಮೀನು ಹೊರಳುವ ಸದ್ದು ಅವಳಿಗೆ ಕೇಳುತ್ತಿತ್ತೆಂದು ಹೇಳುತ್ತಾರೆ. ಅದು ಹೇಗೋ ಏನೋ. ರಾಟೆ ಬೇಕೆಂದು ಬಂದವನಿಗೆ ಅವಳು ಮೊದಲು ದಾರ ತೋರಿಸೆನ್ನುತ್ತಿದ್ದಳು, ಆಮೇಲೆ ಕೈ ಚಾಚೆನ್ನುತ್ತಿದ್ದಳು. ಚಾಚಿದ ಕೈಯಲ್ಲಿ ಮರದ ತುಂಡೊಂದನ್ನಿಟ್ಟು ಮನೆಮಂದಿಯ ಸುದ್ದಿ ಕೇಳುತ್ತಿದ್ದಳು. ಸುದ್ದಿ ಮುಗಿಯುವ ಮೊದಲೇ ಕೈ ಇಳಿದರೆ ಆ ಗಾತ್ರ ಅವನದಲ್ಲ. ನಿಂಬೆಹಣ್ಣಿನಷ್ಟು ರಾಟೆ ಸಾಕೆಂದ ಸೋಮಾರಿಯೊಬ್ಬನಿಗೂ ಅವಳು ಒಪ್ಪಲಿಲ್ಲ. "ಇಷ್ಟು ಸಣ್ಣದಕ್ಕ ದಾರ ಸುತ್ತಿದರ ಹಂದಿ ಬಾಲದಂಗ ಸುರುಳಿ ಆಗ್ತದ ತಮ್ಮಾ. ನಿನ್ನ ಮೀನು ನಕ್ಕೋತ ಹೋಗ್ತದ," ಎಂದಳಂತೆ.

ಸುಳಿಗಡ್ಡಿಯ ಅಂಬಿಗರಲ್ಲಿ ಒಂದು ಪದ್ಧತಿಯಿತ್ತು. ಹೆಣ್ಣಿನ ತಂದೆ ಅಳಿಯನಿಗೆ ಗಾಳದ ರಾಟೆಯನ್ನು ಉಡುಗೊರೆಯಾಗಿ ಕೊಡಬೇಕು. ಮದುವೆಗೆ ಮುನ್ನ ಅಳಿಯ ಅದೇ ರಾಟೆಯಿಂದ ಮಡುವಿನ ಬಾಳೆಮೀನು ಹಿಡಿದು ತರಬೇಕು. ಅಜ್ಜಂದಿರ ಕಾಲದಲ್ಲಿ ಆ ರಾಟೆ ಮುಷ್ಟಿಗಾತ್ರದ್ದು. ಒಬ್ಬ ಮಾವ ತೆಂಗಿನಕಾಯಿಯಷ್ಟು ಕೊಟ್ಟ. ಅವನಿಗಿಂತ ತಾನೇನು ಕಡಿಮೆಯೆಂದು ಇನ್ನೊಬ್ಬ ತಂಬಿಗೆಯಷ್ಟು ಕೊಟ್ಟ. ಹೀಗೆ ರಾಟೆ ಬೆಳೆಯಿತು. ಮೀನು ಮಾತ್ರ ಮೊದಲಿನಷ್ಟೇ ಇತ್ತು.

ಆ ಸೋಮವಾರ ಮೋನವ್ವನ ಬಾಗಿಲಿಗೆ ಬಂದವನು ಅಂಬಿಗರ ಹಿರಿಯ ಭೀಮರಾಯ. ಅವನ ಹಿರಿಯ ಮಗಳು ನೀಲವ್ವನ ಗಂಡ ಹಿಂದಿನ ವರ್ಷ ಅದೇ ಮಡುವಿನ ಪಾಲಾಗಿದ್ದ. ದೊಡ್ಡ ಮೀನೊಂದು ಅವನನ್ನು ಹರಿಗೋಲಿನಿಂದ ಎಳೆದೊಯ್ದಿತ್ತು. ಭೀಮರಾಯ ಪರವೂರಿನಿಂದ ತರಿಸಿಕೊಟ್ಟ ತಂಬಿಗೆಗಾತ್ರದ ರಾಟೆ ಅವನ ಕೈಯಲ್ಲಿತ್ತು. ರಾಟೆ ಸಾಲಲಿಲ್ಲ, ಅದಕ್ಕೇ ಮೀನು ಗೆದ್ದಿತೆಂದು ಭೀಮರಾಯ ನಂಬಿದ್ದ. ಊರೂ ಹಾಗೆಯೇ ನಂಬಿತ್ತು. ಈಗ ಕಿರಿಯ ಮಗಳು ತಾಯವ್ವನ ಮದುವೆ. ಇನ್ನೊಬ್ಬ ಅಳಿಯನನ್ನು ಹೊಳೆಗೆ ಕೊಡುವುದು ಅವನಿಗೆ ಬೇಕಿರಲಿಲ್ಲ. ಆದ್ದರಿಂದ ನೀರಿನ ಕೊಡದಷ್ಟು ದೊಡ್ಡ ರಾಟೆ ಕಡೆಯಬೇಕೆಂದ.

ಮೋನವ್ವ ಅಳಿಯನಾಗುವ ಯಮನೂರಿಯನ್ನು ಕರೆಸಿದಳು. ಸಣಕಲು ಮೈಯ, ಚುರುಕು ಕಣ್ಣಿನ ಹುಡುಗ. ಕೊಡದ ಗಾತ್ರದ ತುಂಡನ್ನು ಎತ್ತಿದವನು ತನ್ನ ತಾಯಿಯ ಹೆಸರು ಹೇಳುವಷ್ಟರಲ್ಲಿ ಕೈ ಇಳಿಸಿದ. ಮುಷ್ಟಿಗಿಂತ ತುಸು ದೊಡ್ಡದನ್ನು ಹಿಡಿದು ಸೋದರತ್ತೆಯರ ಜಗಳವನ್ನೆಲ್ಲ ಹೇಳಿ ಮುಗಿಸಿದ.

"ಇವನ ಗಾತ್ರ ಇದು, ಭೀಮರಾಯಣ್ಣ," ಎಂದಳು.

"ಏ ಮೋನವ್ವಾ, ಮದುವಿ ನಂದೋ, ನಿಂದೋ?"

"ಮದುವಿ ನಿಂದಣ್ಣ. ಕೈ ಅಂವಂದು."

ಭೀಮರಾಯ ಸಿಟ್ಟಾದ. ತಾನು ಹೇಳಿದಂತೆ ಕಡೆಯದಿದ್ದರೆ ಅಂಬಿಗರ ಒಂದು ಮನೆಯವರೂ ಅವಳ ಹೊಸ್ತಿಲು ತುಳಿಯುವುದಿಲ್ಲವೆಂದ. ಮೋನವ್ವ ಬೇಡಿಕೊಳ್ಳಲಿಲ್ಲ, ವಾದಿಸಲೂ ಇಲ್ಲ. ಕಡೆದುಕೊಡುತ್ತೇನೆ, ಆದರೆ ಅದನ್ನು ಮೊದಲು ಹಿಡಿಯಬೇಕಾದವನು ನೀನು, ಅದೂ ಊರೆದುರು, ಎಂದಳು. ಭೀಮರಾಯ ಮೀಸೆ ತಿರುವಿ ಒಪ್ಪಿದ.

ಅವಳು ಕಡೆದ ರಾಟೆಯನ್ನು ಹೊಳೆಗೆ ಒಯ್ಯಲು ಎತ್ತಿನ ಬಂಡಿಯೇ ಬೇಕಾಯಿತೆಂದು ಹೇಳುತ್ತಾರೆ. ಅಷ್ಟೇನೂ ಇರಲಾರದು. ಆದರೆ ಅದನ್ನು ಗಳುವಿಗೆ ಕಟ್ಟಿದಾಗ ಗಳು ಬುಡದ ಕಡೆಗೇ ಕುಸಿಯುತ್ತಿತ್ತೆಂಬುದು ನಿಜ. ಊರು ಮರಳಿನ ದಂಡೆಯಲ್ಲಿ ನೆರೆಯಿತು. ಭೀಮರಾಯ ಗಳು ಹಿಡಿದು ನಿಂತ. ಮೋನವ್ವ ದಾರದ ತುದಿಯನ್ನು ಯಮನೂರಿಯ ಸೊಂಟಕ್ಕೆ ಕಟ್ಟಿದಳು. "ನೀ ಮೀನು ಇದ್ದಂಗ. ಓಡು, ಗಕ್ಕನೆ ನಿಲ್ಲು, ಮತ್ತ ಓಡು," ಎಂದಳು.

"ಮಾವಗ ನಾನ ಮೀನು ಆಗಬೇಕಾತಲ್ಲ!" ಎಂದ ಹುಡುಗ. ಹೆಂಗಸರು ನಕ್ಕರು. ಭೀಮರಾಯನೂ ನಕ್ಕ.

ಹುಡುಗ ಓಡಿದ. ರಾಟೆ ಗಿರ್ರನೆ ತಿರುಗಿತು. ಹುಡುಗ ನಿಂತ. ರಾಟೆ ನಿಲ್ಲಲಿಲ್ಲ. ಸಣ್ಣ ರಾಟೆಯಾದರೆ ಹೆಬ್ಬೆರಳು ಒತ್ತಿದರೆ ನಿಲ್ಲುತ್ತದೆ. ಅಷ್ಟು ಭಾರದ್ದು ಒಮ್ಮೆ ಓಡಿತೆಂದರೆ ತನ್ನ ಭಾರಕ್ಕೆ ತಾನೇ ತಿರುಗುತ್ತಲೇ ಹೋಗುತ್ತದೆ. ಎಳೆಯುವವರಿಲ್ಲದ ದಾರ ಕುಣಿಕೆ ಕುಣಿಕೆಯಾಗಿ ಹೊರಗೆ ಉಕ್ಕಿತು. ತಡೆಯಲೆಂದು ಭೀಮರಾಯ ಕೈಯಿಟ್ಟ. ಕುಣಿಕೆಗಳು ಮುಂಗೈಗೆ ಸುತ್ತಿಕೊಂಡವು. ಅಷ್ಟರಲ್ಲಿ ಹುಡುಗ ಮತ್ತೆ ಓಡಿದ. ಊರಿಗೇ ಬಲಶಾಲಿಯೆನಿಸಿದ ಭೀಮರಾಯ ಮೊಣಕಾಲೂರಿ ಮರಳಿಗೆ ಬಿದ್ದ, ಬಿದ್ದಲ್ಲಿಂದ ನೀರಿನಂಚಿನವರೆಗೆ ಎಳೆಯಲ್ಪಟ್ಟ. ಮೋನವ್ವ ಓಡಿಹೋಗಿ ಉಳಿಯಿಂದ ದಾರ ಕತ್ತರಿಸಿದಳು.

ಯಾರೂ ನಗಲಿಲ್ಲ. ಭೀಮರಾಯನ ಮುಂಗೈ ಮೇಲೆ ಕೆಂಪಾದ ಬರೆ ಬಳೆಯಂತೆ ಸುತ್ತಲೂ ಎದ್ದಿತ್ತು. ನೀಲವ್ವ ಗುಂಪಿನಿಂದ ಮುಂದೆ ಬಂದು ತಂದೆಯ ಕೈ ಹಿಡಿದು ನೋಡಿದಳು.

"ಅಪ್ಪಾ, ಅವರ ಕೈಮ್ಯಾಲೂ ಇದ ಗುರುತು ಇತ್ತು. ಹೊಳಿಯಿಂದ ತಂದು ಮೈ ತೊಳಿಯೋವಾಗ ನೋಡಿದ್ದೆ. ಏನಂತ ತಿಳಿದಿದ್ದಿಲ್ಲ."

ಭೀಮರಾಯ ಮರಳಿನಿಂದ ಎದ್ದು, ಆ ಚಿಕ್ಕ ರಾಟೆಯನ್ನೇ ಕಡೆದುಕೊಡು ತಾಯಿ, ಎಂದು ಮೋನವ್ವನನ್ನು ಕೇಳಿದ. ಅಲ್ಲಿಯವರೆಗೆ ಅವನು ಯಾರನ್ನೂ ತಾಯಿ ಎಂದು ಕರೆದದ್ದನ್ನು ಊರು ಕೇಳಿರಲಿಲ್ಲ.

ಯಮನೂರಿ ಆ ರಾಟೆ ಹಿಡಿದು ಹರಿಗೋಲು ಹತ್ತಿದ. ಮೀನು ಓಡಿದಾಗ ದಾರ ಬಿಟ್ಟ, ನಿಂತಾಗ ಹೆಬ್ಬೆರಳಿನಿಂದ ತಡೆದ. ಅವನು ತಂದ ಬಾಳೆಮೀನು ಆಳುದ್ದವಿತ್ತೆಂದು ಕೆಲವರು, ಹರಿಗೋಲಿಗಿಂತ ಉದ್ದವಿತ್ತೆಂದು ಕೆಲವರು ಹೇಳುತ್ತಾರೆ. ಮದುವೆಯ ಮಂದಿಯೆಲ್ಲ ಉಂಡು ಮಿಕ್ಕಿತೆಂಬುದರಲ್ಲಿ ಮಾತ್ರ ಎಲ್ಲರೂ ಒಂದೇ.

ಇಂದಿಗೂ ಸುಳಿಗಡ್ಡಿಯಲ್ಲಿ ಅಳಿಯನಿಗೆ ರಾಟೆ ಕೊಡುವ ಮುನ್ನ ಮಾವನೇ ಅದನ್ನು ಹಿಡಿದು ದಂಡೆಯಲ್ಲಿ ನಿಲ್ಲುತ್ತಾನೆ. ಅಳಿಯ ದಾರ ಕಟ್ಟಿಕೊಂಡು ಓಡುತ್ತಾನೆ, ನಿಲ್ಲುತ್ತಾನೆ, ಮತ್ತೆ ಓಡುತ್ತಾನೆ. ಮಾವನ ಮುಂಗೈಯನ್ನು ಹೆಂಗಸರು ತಿರುಗಿಸಿ ನೋಡಿ, ಬರೆ ಇಲ್ಲವೆಂದ ಮೇಲೆಯೇ ಅರಿಶಿನ ಕಲಸುತ್ತಾರೆ. ಪೇಟೆಯಿಂದ ತಂದ ಕಬ್ಬಿಣದ ರೀಲಿಗೂ ಈ ಪರೀಕ್ಷೆ ತಪ್ಪಿಲ್ಲ. ಮೋನವ್ವನ ಹೆಸರು ಹೇಳಿ ಒಂದು ಮೀನನ್ನು ಹೊಳೆಗೇ ಬಿಡುತ್ತಾರೆ.

ಮದುವೆ ಮುಗಿದ ಮರುದಿನ ಬೆಳಿಗ್ಗೆ ನೀಲವ್ವ ಬಡಿಗರ ಮನೆಗೆ ಬಂದು, ಏನೂ ಕೇಳದೆ, ಕಟ್ಟಿಗೆಯ ಹೊಟ್ಟು ಗುಡಿಸತೊಡಗಿದಳು. ಅಂಬಿಗರ ಹೆಣ್ಣು ಬಡಿಗರ ಉಳಿ ಮುಟ್ಟುವ ರೂಢಿ ಊರಿನಲ್ಲಿರಲಿಲ್ಲ. ಮೋನವ್ವ ಅವಳಿಗೆ ರಾಟೆ ಕಡೆಯುವ ಕೆಲಸ ಕಲಿಸಲು ನಿರ್ಧರಿಸಿದಳು.