ಹಿಮದ ಮರುಭೂಮಿಯ ಕಪ್ಪು ಪೊರೆ

“ಬುದ್ಧಿ, ನನ್ನೊಳಗಿನ ಕರುಣೆ ಸತ್ತುಹೋಯಿತೇ?” ಎಂದು ಚೆನ್ನವೀರ ಮಠದ ಗುರುಗಳನ್ನು ಕೇಳಿದ.

ಅವನು ಅಲ್ಲಿನ ಆರೈಕೆ ಮನೆಯಲ್ಲಿ ದಿಕ್ಕಿಲ್ಲದ ರೋಗಿಗಳನ್ನು ನೋಡಿಕೊಳ್ಳುತ್ತಿದ್ದ. ಆ ಬೆಳಿಗ್ಗೆ ಅಲ್ಲಿ ಒಬ್ಬ ಮುದುಕ ತೀರಿಕೊಂಡಿದ್ದ. ಚೆನ್ನವೀರ ಅವನ ಮೈ ತೊಳೆದು, ಬಟ್ಟೆ ಹೊದಿಸಿ, ಕೈ ಒರೆಸಿಕೊಂಡು ಊಟಕ್ಕೆ ಕುಳಿತಿದ್ದ. ಅನ್ನ ಎಂದಿನಂತೆ ಗಂಟಲಿನಲ್ಲಿ ಇಳಿದಿತ್ತು. ಅದೇ ಅವನನ್ನು ಹೆದರಿಸಿತ್ತು.

ಗುರುಗಳು ಹೇಳಿದರು:

ಭೂಮಿಯ ಉತ್ತರದ ತುದಿಯಲ್ಲಿ ಒಂದು ಮರುಭೂಮಿ ಇದೆ. ಅಲ್ಲಿ ಮರಳಿಲ್ಲ, ಇರುವುದು ಕಲ್ಲು, ಚಳಿ, ಗಾಳಿ. ಮಳೆ ಇಲ್ಲವೆಂದೇ ಹೇಳಬೇಕು. ನೆಲದ ಮೇಲೆ ಅಲ್ಲಲ್ಲಿ ಸುಟ್ಟ ರೊಟ್ಟಿಯ ಪದರದಂಥ ಕಪ್ಪು ಪೊರೆ. ಆ ಪೊರೆಯಲ್ಲಿ ಕಣ್ಣಿಗೆ ಕಾಣದ ಜೀವಿಗಳಿವೆ. ಗಾಳಿಯಲ್ಲಿ ಸಾರಜನಕ ಬೇಕಾದಷ್ಟಿದ್ದರೂ ಗಿಡಗಳು ಅದನ್ನು ನೇರವಾಗಿ ಉಣ್ಣಲಾರವು. ಈ ಜೀವಿಗಳು ಅದನ್ನು ಹಿಡಿದು ಮಣ್ಣಿಗೆ ಕೊಡುತ್ತವೆ. ಅಲ್ಲಿನ ಇಷ್ಟೇ ಇಷ್ಟು ಪಾಚಿ ಬದುಕುವುದು ಅದರಿಂದ.

ಅವು ಎಷ್ಟು ಸಾರಜನಕ ಹಿಡಿಯುತ್ತವೆಂದು ಅಳೆಯಲು ಒಬ್ಬ ಸಂಶೋಧಕಿ ಹೋದಳು. ಪೊರೆಯ ಮೇಲೆ ಗಾಜಿನ ಬಟ್ಟಲು ಕವುಚಿ, ಒಳಗಿನ ಗಾಳಿಯನ್ನು ಪರೀಕ್ಷಿಸಿದಳು. ಜೀವಿಗಳು ಏನನ್ನೂ ಹಿಡಿದಿರಲಿಲ್ಲ. ಮರುದಿನವೂ ಇಲ್ಲ. ಬೇಸಿಗೆ ಮುಗಿಯುತ್ತ ಬಂತು. ಆಕೆಯ ತುಟಿ ಒಡೆದಿತ್ತು, ಬೆರಳು ಮರಗಟ್ಟಿತ್ತು. ಪೊರೆ ಮುಟ್ಟಿದರೆ ಪುಡಿಯಾಗುತ್ತಿತ್ತು.

ಶಿಬಿರದ ಮುಖ್ಯಸ್ಥ ಬಂದ. ಗಾಡಿಗಳಿಗೆ ದಾರಿ ಬೇಕಿತ್ತು. ಆ ನೆಲವೇ ಸಮತಟ್ಟಾಗಿತ್ತು.

“ಇಲ್ಲಿ ಜೀವ ಇಲ್ಲವೆಂದು ನೀವು ಒಂದು ಮಾತು ಹೇಳಿಬಿಡಿ. ನಾಳೆಯೇ ಗಾಡಿ ಬಿಡುತ್ತೇವೆ,” ಎಂದ.

ಆಕೆಗೂ ಹಾಗೆಯೇ ಅನ್ನಿಸಿತ್ತು. ಆದರೆ ಆ ಮಾತನ್ನು ಹೇಳುವಷ್ಟು ತ್ರಾಣವೂ ಉಳಿದಿರಲಿಲ್ಲ.

“ಇವತ್ತು ನನ್ನನ್ನು ಬಿಟ್ಟುಬಿಡಿ,” ಎಂದಳು. “ಆಮೇಲೆ ಹೇಳುತ್ತೇನೆ.”

ಅದು ಧೈರ್ಯವಲ್ಲ, ನಂಬಿಕೆಯೂ ಅಲ್ಲ, ಬರೀ ದಣಿವು. ಮುಖ್ಯಸ್ಥ ಗೊಣಗುತ್ತ ಹೋದ, ಆಕೆಯ ಮಾತು ಬರುವವರೆಗೆ ಗಾಡಿಗಳು ಕಾದು ನಿಂತವು. ಆಕೆ ಗುಡಾರದೊಳಗೆ ಹೋಗಿ ಬೂಟು ಕೂಡ ಬಿಚ್ಚದೆ ಮಲಗಿದಳು.

ಅಷ್ಟರಲ್ಲಿ ಬೇಸಿಗೆಯ ಕೊನೆಯ ಬಿಸಿಲು ಬಲಿಯಿತು. ಇಳಿಜಾರಿನಲ್ಲಿ ಉಳಿದಿದ್ದ ಹಿಮ ಕರಗಿ, ನೀರು ಕಲ್ಲುಗಳ ಸಂದಿಯಲ್ಲಿ ಹನಿಹನಿಯಾಗಿ ಇಳಿದು ಪೊರೆಯನ್ನು ನೆನೆಸಿತು. ಪೊರೆ ಮೆತ್ತಗಾಗಿ ಉಬ್ಬಿತು. ಕೆಲವು ದಿನ ಕಳೆದ ಮೇಲೆ ಆಕೆ, ಬಟ್ಟಲುಗಳನ್ನು ಎತ್ತಿಡುವ ಮುಂಚೆ, ಸುಮ್ಮನೆ ಒಮ್ಮೆ ಅಳೆದಳು. ಜೀವಿಗಳು ಸಾರಜನಕವನ್ನು ಹಿಡಿಯುತ್ತಿದ್ದವು. ಅವು ಸತ್ತಿರಲಿಲ್ಲ, ಬೇಸಿಗೆಯೆಲ್ಲ ಒಣಗಿ ಬಿದ್ದುಕೊಂಡಿದ್ದವು.

ಆಕೆ ಕುಣಿಯಲಿಲ್ಲ. ಕಲ್ಲಿನ ಮೇಲೆ ಕುಳಿತು ಬಹಳ ಹೊತ್ತು ಆ ಒದ್ದೆ ನೆಲವನ್ನು ನೋಡಿದಳು. ವಿಷಯ ತಿಳಿದ ಮುಖ್ಯಸ್ಥ ಗಾಡಿಗಳಿಗೆ ಕಲ್ಲುದಾರಿಯಲ್ಲಿ ಸುತ್ತಿ ಬರುವಂತೆ ಹೇಳಿದ.

ಗುರುಗಳು ಕಥೆ ಮುಗಿಸಿದರು. ಚೆನ್ನವೀರನಿಗೆ ಸಮಾಧಾನವಾಗಲಿಲ್ಲ.

“ಅಲ್ಲಿ ನೀರು ಇಳಿಯಿತು, ಬುದ್ಧಿ. ಇಳಿಯದೇ ಹೋಗಿದ್ದರೆ?”

ಗುರುಗಳು ಅವನ ಮುಖ ನೋಡಿದರು.

“ಜೀವ ಇರುವುದರ ಮೇಲೆಯೇ ಗಾಡಿ ಹರಿಸುತ್ತಿದ್ದರು, ಚೆನ್ನವೀರ. ನಿನ್ನ ಕರುಣೆ ಸತ್ತಿತೆಂದು ನೀನೂ ಇವತ್ತೇ ಹೇಳಿಬಿಡಬೇಡ.”