ರಾಜರ ಹೆಸರು ಹೇಳಿದ ಎಲಿನ್

ಗೋಡೆ ಕಡೆ ಸರ್ಕೊಂಡು ಮಲ್ಕೋ ಕೂಸೇ, ಕಂಬಳಿ ಕಾಲು ಮುಚ್ಚೋ ಹಾಗೆ ಎಳ್ಕೋ. ಹೂಂಗುಟ್ತಾ ಇರ್ಬೇಕು. ನಿನ್ನ ಹೂಂ ನಿಂತ್ರೆ ನನ್ನ ಬಾಯೂ ನಿಲ್ಲುತ್ತೆ.

ನಮ್ಮಜ್ಜಿಯ ಅಜ್ಜಿ ಹುಟ್ಟೋಕೂ ಎಷ್ಟೋ ಮುಂಚೆ ಒಂದು ಕಾಲ ಇತ್ತಂತೆ. ಆ ಕಾಲದಲ್ಲಿ ಬಡಗಲ ದಿಕ್ಕಿನ ತುತ್ತತುದಿಗೆ ಒಂದು ಹಿಮದ ಸೀಮೆ ಇತ್ತಂತೆ. ಅಲ್ಲಿ ಅರ್ಧ ವರ್ಷ ನೀರು ನೀರಾಗಿ ಇರೋದೇ ಇಲ್ವಂತೆ, ಕಲ್ಲಾಗ್ಬಿಡುತ್ತಂತೆ, ಕೆರೆ ಮೇಲೇ ಕುದುರೆ ಓಡಿಸ್ತಾರಂತೆ. ಚಳಿಗಾಲದಲ್ಲಿ ಸೂರ್ಯ ಹೊಸಿಲಾಚೆಯಿಂದ ಒಂದಿಷ್ಟು ಇಣುಕಿ ಹೋಗ್ತಾನಂತೆ, ಬಾ ಅಂದ್ರೂ ಒಳಗೆ ಬರೋಲ್ವಂತೆ.

ಆ ಸೀಮೆಯಲ್ಲಿ ರಾಜನ ಮಗನೇ ರಾಜ ಅನ್ನೋ ಪದ್ಧತಿ ಇರಲಿಲ್ಲ. ರಾಜ ತೀರ್ಕೊಂಡ್ರೆ ಒಕ್ಕಲುಮಕ್ಕಳು, ಬೆಸ್ತರು, ಊರ ದಣಿಗಳು ಎಲ್ಲರೂ ಒಂದು ದೊಡ್ಡ ಬಯಲಿಗೆ ಬರೋರು. ಬಯಲ ನಡುವೆ ಒಂದು ಹಾಸುಬಂಡೆ. ಅದರ ಮೇಲೆ ಒಬ್ಬೊಬ್ಬರಾಗಿ ನಿಂತ್ಕೋಬೇಕು, ಯಾರು ನಿಂತಾಗ ಜನ ಕೋಲು ನೆಲಕ್ಕೆ ಬಡಿದು ಸದ್ದು ಮಾಡ್ತಾರೋ ಅವನೇ ರಾಜ.

ಹೀಗಿರುವಾಗ ಕಡಲಾಚೆಯ ದೊರೆಯೊಬ್ಬ ಬಂದು ಸೀಮೆನೇ ನುಂಗಿಬಿಟ್ಟ. ಅವನ ಮೇಲೆ ತಿರುಗಿಬಿದ್ದವನು ಅರ್ವಿದ್. ಅವನೇನು ಅರಸುಮಗ ಅಲ್ಲ, ಹೊಲಗದ್ದೆ, ಒಂದು ಮರದ ಮನೆ ಇದ್ದ ಯಜಮಾನ, ಅಷ್ಟೇ. ಕಾಲಿಗೆ ಉದ್ದುದ್ದ ಮರದ ಪಟ್ಟಿ ಕಟ್ಕೊಂಡು ಹಿಮದ ಮೇಲೆ ಜಾರ್ತಾ ಜಾರ್ತಾ ಊರೂರು ಸುತ್ತಿ ಜನ ಕೂಡಿಸಿದನಂತೆ, ಆಮೇಲೆ ಎಲ್ಲರೂ ಸೇರಿ ಆ ದೊರೆನ ಹಡಗು ಹತ್ತಿಸಿ ಓಡಿಸಿದ್ರಂತೆ, ಆಮೇಲೆ ಅರ್ವಿದ್‌ನನ್ನೇ ಬಂಡೆ ಮೇಲೆ ನಿಲ್ಲಿಸಿ ಕೋಲು ಬಡಿದ್ರಂತೆ.

ಈ ಅರ್ವಿದ್‌ಗೆ ನಾಲ್ಕು ಮಕ್ಕಳು. ದೊಡ್ಡವನು ತೂರೆ, ಎರಡನೆಯವನು ಕೆತಿಲ್, ಆಮೇಲೆ ಎಲಿನ್ ಅನ್ನೋ ಹೆಣ್ಣುಮಗು, ಕಡೆಯವನು ಹಾಕನ್. ತಾಯಿ ಹಾಕನ್‌ನ ಹೆತ್ತು ಕಣ್ಣು ಮುಚ್ಚಿದ್ಲು.

ರಾಜ ಆದಮೇಲೆ ಅರ್ವಿದ್‌ಗೆ ನಿದ್ದೆ ಹತ್ತದು. ನಾನು ಇರೋವರೆಗೆ ಸರಿ, ನಾನು ಹೋದಮೇಲೆ ಇವರು ಬೇರೆ ಯಾರನ್ನೋ ಬಂಡೆ ಹತ್ತಿಸ್ತಾರೆ, ನನ್ನ ಮಕ್ಕಳು ಮತ್ತೆ ಹುಲ್ಲು ಕೊಯ್ಯೋಕೆ ಹೋಗ್ಬೇಕಲ್ಲ ಅಂತ ಒಂದೇ ಕೊರಗು. ಒಂದು ವಸಂತದಲ್ಲಿ ಜನರನ್ನೆಲ್ಲ ಬಯಲಿಗೆ ಕರೆಸಿ ಕೇಳಿದನಂತೆ, ಇನ್ನು ಮೇಲೆ ಪಟ್ಟ ನಮ್ಮ ಮನೆತನದಲ್ಲೇ ಉಳೀಲಿ, ಆಣೆ ಮಾಡಿ ಅಂತ. ಜನ ಗುಜುಗುಜು ಅಂದ್ರು. ಆಮೇಲೆ ಸೊಂಟದ ತನಕ ಗಡ್ಡ ಬಿಟ್ಟಿದ್ದ ಒಬ್ಬ ಮುದುಕ ಎದ್ದು, ಆಗ್ಲಿ ದೊರೆ, ನಿಮ್ಮ ಮನೆಗೇ ಕೊಡ್ತೀವಿ, ಆದ್ರೆ ಮೂವರು ಗಂಡುಮಕ್ಕಳಲ್ಲಿ ಯಾರು ತಕ್ಕವನು, ಯಾರು ಅಲ್ಲ ಅಂತ ನಮಗೆ ಹೇಳೋರು ಯಾರು, ಮನೆ ಹುಳುಕು ಮನೆಯವರಿಗೇ ತಾನೇ ಗೊತ್ತು ಅಂದನಂತೆ.

ಎಲಿನ್ ಅಪ್ಪನ ಪಕ್ಕದಲ್ಲೇ ನಿಂತಿದ್ಲು. ಆಗ ಅವಳಿಗೆ ಹನ್ನೆರಡು ವರ್ಷ. ಮುದುಕ ಅವಳ ಕಡೆ ಬಗ್ಗಿ, ಹೋದ ಬೇಸಿಗೇಲಿ ನಿಮ್ಮಪ್ಪನ ಹೊಸ ದೋಣಿ ಒಡೀತಲ್ಲವ್ವ, ಯಾರು ಒಡೆದಿದ್ದು ಅಂತ ಕೇಳ್ದ. ಎಲಿನ್ ಹಿಂದೆಮುಂದೆ ನೋಡಲಿಲ್ಲ. ಒಡೆದಿದ್ದು ತೂರೆ ಅಣ್ಣ, ಏಟು ತಿಂದಿದ್ದು ಕೆತಿಲ್ ಅಣ್ಣ, ಒಡೀಲಿ ಅಂತ ಚಪ್ಪಾಳೆ ತಟ್ಟಿದ್ದು ಹಾಕನ್ ಅಂದ್ಲಂತೆ. ಬಯಲಿಗೆ ಬಯಲೇ ನಕ್ಕುಬಿಡ್ತು. ಈ ಹುಡುಗಿ ಬಾಯಲ್ಲಿ ಸುಳ್ಳು ಬರೋಲ್ಲ, ಮುಂದೆ ಪಟ್ಟ ಖಾಲಿಯಾದಾಗೆಲ್ಲ ಇವಳೇ ಬಂಡೆ ಹತ್ತಿ ಹೆಸರು ಹೇಳ್ಲಿ, ಇವಳು ಹೇಳಿದವನಿಗೆ ನಾವು ಕೋಲು ಬಡೀತೀವಿ ಅಂದ್ರು. ಆಮೇಲೆ ಆ ಮುದುಕನೇ ಇನ್ನೊಂದು ಮಾತು ಸೇರಿಸಿದ. ಇವಳಿಗೆ ಮದುವೆ ಆಗ್ಬಾರದು, ಮದುವೆ ಆಯ್ತು ಅಂದ್ರೆ ಗಂಡನ ಮಾತು ಇವಳ ಬಾಯಲ್ಲಿ ಬರುತ್ತೆ. ಅರಮನೇಲೂ ಇರ್ಬಾರದು, ಯಾರ ಉಪ್ಪು ತಿಂತಾಳೋ ಅವರ ಕಡೆ ನಾಲಿಗೆ ವಾಲುತ್ತೆ.

ಅರ್ವಿದ್ ಆಗ್ಲಿ ಅಂದ. ಮಗಳನ್ನ ಒಂದು ಮಾತು ಕೇಳಲಿಲ್ಲ ನೋಡು.

ಹೂಂ ಅನ್ನು. ಹಾಂ.

ಆ ಸೀಮೇಲಿ ಒಂದು ಕೆರೆ. ನಮ್ಮೂರ ಕೆರೆ ಥರ ಅಲ್ಲ, ಈ ದಡದಲ್ಲಿ ನಿಂತ್ರೆ ಆ ದಡ ಕಾಣ್ಸದು. ಅದರ ನಡುವೆ ಒಂದು ನಡುಗಡ್ಡೆ, ನಡುಗಡ್ಡೆ ಮೇಲೆ ಒಂದು ಕಲ್ಲಿನ ಕೋಟೆ. ಎಲಿನ್‌ನ ಅಲ್ಲಿಗೆ ಕಳಿಸಿದ್ರು. ಜೊತೆಗೆ ಗುನ್ನಾ ಅಂತ ಒಬ್ಬ ಮುದುಕಿ, ಅಡಿಗೆ ಮಾಡೋಕೆ. ಗುನ್ನಾಗೆ ಕಿವಿ ಕೇಳಿಸ್ತಿರಲಿಲ್ಲ. ಬಾಗಿಲಲ್ಲಿ ನಾಲ್ಕು ಜನ ಕಾವಲುಗಾರರು, ಅವರಿಗೆ ಅವಳ ಹತ್ತಿರ ಮಾತಾಡ್ಬಾರದು ಅಂತ ಕಟ್ಟಪ್ಪಣೆ.

ಮೊದಮೊದಲು ಎಲಿನ್ ದಿನಾ ದಡಕ್ಕೆ ಬಂದು ನಿಂತ್ಕೊಳ್ತಿದ್ದಳಂತೆ, ಯಾವುದಾದ್ರೂ ದೋಣಿ ಬರುತ್ತೇನೋ ಅಂತ. ಬೆಸ್ತರ ದೋಣಿಗಳು ದೂರದಲ್ಲೇ ತಿರುಗಿ ಹೋಗ್ತಿದ್ವು. ಚಳಿಗಾಲ ಬಂದು ಕೆರೆ ಕಲ್ಲಾದಾಗ, ಈಗಲಾದ್ರೂ ಯಾರಾದ್ರೂ ನಡ್ಕೊಂಡೇ ಬರಬಹುದಲ್ಲ ಅಂತ ಕಿಟಕೀಲಿ ಕೂತು ನೋಡ್ತಿದ್ಲು. ನರಿ ಹೆಜ್ಜೆ ಬಿಟ್ರೆ ಬೇರೆ ಹೆಜ್ಜೆ ಇಲ್ಲ. ಅಷ್ಟು ದಿನ ಯಾರ ಜೊತೆಗೂ ಮಾತಿಲ್ಲದೆ ತನ್ನ ದನಿ ತನಗೇ ಮರೆತುಹೋದೀತು ಅಂತ ಹೆದರಿ, ನೂಲು ಸುತ್ತುವಾಗ ಜೋರಾಗಿ ತನ್ನ ಹೆಸರು ತಾನೇ ಕೂಗ್ಕೊಳ್ತಿದ್ದಳಂತೆ ಪಾಪ. ಎಲಿನ್ ಅಂದ್ರೆ ಗೋಡೆನೂ ಎಲಿನ್ ಅನ್ನೋದು.

ವರ್ಷಕ್ಕೊಂದು ಸಲ, ಮಂಜುಗಡ್ಡೆ ಕರಗಿದ ವಾರಕ್ಕೆ, ಅಪ್ಪ ಬರ್ತಿದ್ದ. ಹೊಗೆ ಹಾಕಿ ಒಣಗಿಸಿದ ಮೀನು ತಿಂತಾ ರಾಜ್ಯದ ಸುದ್ದಿ ಹೇಳ್ತಿದ್ದ. ಒಂದು ಸಲ ಎಲಿನ್ ಕೇಳಿಯೇಬಿಟ್ಲು, ಅಪ್ಪಾ, ನಾನು ಎಷ್ಟು ವರ್ಷ ಇಲ್ಲಿರ್ಬೇಕು ಅಂತ. ಮನೆತನ ಬೇರು ಬಿಡೋವರೆಗೆ ಮಗಳೇ ಅಂದ ಅವನು. ಹಾಗಾದ್ರೆ ನಾನು ನಿನ್ನ ಮನೆತನ ಅಲ್ವಾ ಅಪ್ಪಾ ಅಂದ್ಲು. ಅವನು ಮೀನಿನ ಮುಳ್ಳು ಬಿಡಿಸ್ತಾ ಕೂತ.

ಹದಿನಾಲ್ಕು ವರ್ಷ ಹೀಗೆ ಹೋಯ್ತು, ಆಮೇಲೆ ಅರ್ವಿದ್ ತೀರ್ಕೊಂಡ. ಬಯಲಿಗೆ ಜನ ಸೇರೋ ಮುಂಚೆ ತೂರೆ ದೋಣಿ ಮಾಡ್ಕೊಂಡು ಕೋಟೆಗೆ ಬಂದ. ತಂಗಿ ಕೈ ಹಿಡ್ಕೊಂಡು ಗಳಗಳ ಅತ್ತನಂತೆ. ನಾನು ರಾಜ ಆದ್ರೆ ಮೊದಲ ಕೆಲಸ ನಿನ್ನ ಮನೆಗೆ ಕರ್ಕೊಂಡ್ಹೋಗೋದು ತಂಗಿ, ನನ್ನ ಪಕ್ಕದ ಕೋಣೆ ನಿಂದೇ ಅಂದ. ತೂರೆಗೆ ಯಾರ ಮೇಲೂ ನಂಬಿಕೆ ಇಲ್ಲ ಅಂತ ಎಲಿನ್‌ಗೆ ಗೊತ್ತಿತ್ತು. ಆದ್ರೆ ಎಷ್ಟೋ ವರ್ಷದ ಮೇಲೆ ಒಂದು ಬಿಸಿ ಕೈ ಅವಳ ಕೈ ಹಿಡಿದಿತ್ತು ಕೂಸೇ. ಬಂಡೆ ಹತ್ತಿ, ತೂರೆ ತಕ್ಕವನು ಅಂದ್ಲು. ಜನ ಕೋಲು ಬಡಿದ್ರು. ಆವತ್ತೇ ಸಂಜೆ ಅವಳನ್ನ ವಾಪಸ್ಸು ದೋಣಿ ಹತ್ತಿಸಿದ್ರು. ಅಣ್ಣ ಬರಲಿಲ್ಲ, ಒಂದು ತುಪ್ಪಳದ ಅಂಗಿ ಕಳಿಸಿದ್ದ.

ತೂರೆ ಪಟ್ಟಕ್ಕೆ ಬಂದು ಎರಡು ವರ್ಷ ಆಗಿರಲಿಲ್ಲ, ಕೆತಿಲ್ ನನ್ನ ಪಟ್ಟ ಕಿತ್ಕೊಳ್ತಾನೆ ಅನ್ನೋ ಭೂತ ತಲೆಗೆ ಹೊಕ್ತು. ತಮ್ಮನನ್ನೂ ತಮ್ಮನ ಹೆಂಡತೀನೂ ಹಿಡಿಸಿ ಸೆರೆಗೆ ಹಾಕ್ದ. ಎಲ್ಲಿ ಅಂತೀಯ? ಅದೇ ನಡುಗಡ್ಡೆ ಕೋಟೇಲಿ, ಎಲಿನ್ ಕೋಣೆ ಕೆಳಗಡೆ. ಕೆತಿಲ್‌ಗೆ ಸೆರೆ, ಎಲಿನ್‌ಗೆ ಹಬ್ಬ! ಹಾಗನ್ನಿಸಿದ್ದಕ್ಕೆ ಅವಳಿಗೇ ನಾಚಿಕೆ ಆಯ್ತಂತೆ. ದಿನಾ ಮೆಟ್ಟಿಲಿಳಿದು ಬೀಗ ಹಾಕಿದ ಬಾಗಿಲಿಗೆ ಒರಗಿ ಕೂತು ಅಣ್ಣನ ಹತ್ತಿರ ಮಾತಾಡೋಳು. ಎರಡು ವರ್ಷಕ್ಕೆ ಆ ಸೆರೇಲೇ ಅವರಿಗೊಂದು ಹೆಣ್ಣುಮಗು ಹುಟ್ತು, ಮಾರಿತ್ ಅಂತ ಹೆಸರಿಟ್ರು. ಮಗುಗೆ ಬಿಸಿಲು ಬೇಕು ಅಂತ ಕಾವಲುಗಾರರು ಕಣ್ಣು ಮುಚ್ಕೊಂಡು ಅದನ್ನ ಎಲಿನ್ ಕೈಗೆ ಕೊಡ್ತಿದ್ರು. ಅವಳ ಸೊಂಟದ ಮೇಲೇ ಅದು ಬೆಳೀತು, ಅವಳ ಬೆರಳು ಹಿಡ್ಕೊಂಡೇ ಹೆಜ್ಜೆ ಇಡ್ತು, ಮೊದಲನೇ ಮಾತು ಅಂತ ಅತ್ತೆ ಅಂದಿತು.

ಮಾರಿತ್‌ಗೆ ಮೂರು ವರ್ಷ ಆದಾಗ ತೂರೆ ಬೇಟೆಗೆ ಹೋಗಿ, ತೆಳ್ಳಗಿನ ಮಂಜುಗಡ್ಡೆ ಒಡೆದು ಕುದುರೆ ಸಮೇತ ಮುಳುಗಿಹೋದ. ಎಲಿನ್ ಎರಡನೇ ಸಲ ಬಂಡೆ ಹತ್ತಿ, ಕೆತಿಲ್ ತಕ್ಕವನು ಅಂದ್ಲು. ಈ ಸಲ ಅದು ಮನಸಾರೆ ಹೇಳಿದ್ದು. ಕೆತಿಲ್‌ಗೂ ಅವಳನ್ನ ಕರ್ಕೊಂಡ್ಹೋಗೋ ಆಸೆ, ಆದ್ರೆ ಮಂತ್ರಿಗಳು ಆಣೆ ಮುರೀಬಾರದು ಅಂದ್ರು, ಅವನು ಮೆತ್ತಗಿನ ಮನುಷ್ಯ, ತಲೆ ತಗ್ಗಿಸ್ದ. ಮಗೂನಾದ್ರೂ ನಾಲ್ಕು ದಿನ ಬಿಟ್ಟು ಹೋಗಿ ಅತ್ತಿಗೆ ಅಂತ ಎಲಿನ್ ಕೇಳಿದ್ಲು. ಅತ್ತಿಗೆ ಕಣ್ಣೊರೆಸ್ಕೊಂಡು, ಈ ಕಲ್ಲಿನ ನಡುವೆ ಮಗೂನ ಹೇಗವ್ವ ಬಿಡ್ಲಿ ಅಂದ್ಲು. ತಪ್ಪೇನು ಅಂದಿರಲಿಲ್ಲ. ದೋಣಿ ಹೋಯ್ತು. ಅತ್ತೇ ಅತ್ತೇ ಅನ್ನೋ ಕೂಗು ನೀರಿನ ಮೇಲೆ ಬಹಳ ದೂರದ ತನಕ ಕೇಳಿಸ್ತಂತೆ. ಮೊದಲಿನ ಒಂಟಿತನ ಬೇರೆ, ಇದು ಬೇರೆ. ಜೊತೆ ಅಂದ್ರೆ ಏನಂತ ಗೊತ್ತಾದಮೇಲೆ ಬರೋ ಒಂಟಿತನ ಅದು. ಆ ಚಳಿಗಾಲದಲ್ಲಿ ಗುನ್ನಾ ಮುದುಕಿನೂ ತೀರ್ಕೊಂಡ್ಲು.

ಎಂಟು ವರ್ಷ. ಆಮೇಲೆ ಸೀಮೆಗೆಲ್ಲ ಒಂದು ಕೆಟ್ಟ ಜ್ವರ ಬಂತು, ಕೆತಿಲ್‌ನೂ ಅವನ ಹೆಂಡತೀನೂ ಒಂದೇ ವಾರದಲ್ಲಿ ತಗೊಂಡು ಹೋಯ್ತು. ಉಳಿದವಳು ಹನ್ನೊಂದು ವರ್ಷದ ಮಾರಿತ್ ಒಬ್ಬಳೇ.

ಆಗ ಬಂದ ನೋಡು ಹಾಕನ್. ಅವನು ಚಿಕ್ಕಂದಿನಲ್ಲೇ ಪರದೇಶಕ್ಕೆ ಹೋಗಿ, ಕಂಡವರ ಯುದ್ಧದಲ್ಲಿ ಕತ್ತಿ ಹಿಡಿದು ಬೆಳೆದವನು. ಮುನ್ನೂರು ಕುದುರೆಯವರನ್ನ ಕಟ್ಕೊಂಡು ಬಂದಿಳಿದ, ಅರಮನೆಗೆ ಹೋಗಿ ಅಲ್ಲಿಂದ ಕೋಟೆಗೆ ಬಂದ. ಅಕ್ಕಾ, ಹೆಣ್ಣುಕೂಸು ಪಟ್ಟಕ್ಕೆ ಕೂತ್ರೆ ನಮ್ಮ ಮನೆತನ ನಾಳೆಗೇ ಉದುರಿಹೋಗುತ್ತೆ, ನನ್ನ ಹೆಸರು ಹೇಳು, ನಿನಗೆ ಅರಮನೆ ಕಟ್ಟಿಸಿಕೊಡ್ತೀನಿ ಅಂದ. ಎಲಿನ್ ನೂಲು ಸುತ್ತುತ್ತಾ ಕೂತಿದ್ಲು. ಹೇಳಲಿಲ್ಲ ಅಂದ್ರೆ ಈ ಕೋಟೆ ಬಾಗಿಲಿಗೆ ಕಲ್ಲು ಕಟ್ಟಿಸ್ತೀನಿ ಅಂದ. ಆಗಲೂ ನೂಲು ಸುತ್ತೋದು ನಿಲ್ಲಿಸಲಿಲ್ಲ. ಮೂರನೇ ಸಲ ಅವನು ಬೈಯಲಿಲ್ಲ, ಬೆದರಿಸಲಿಲ್ಲ. ದೋಣಿ ಕಡೆ ಕೈ ಬೀಸ್ದ. ದೋಣಿಯಿಂದ ಮಾರಿತ್ ಇಳಿದು ಬಂದ್ಲು.

ಇವಳನ್ನ ನಿನಗೇ ಕೊಟ್ಟುಬಿಡ್ತೀನಿ ಅಕ್ಕಾ ಅಂದ. ಸಾಯೋವರೆಗೆ ಇಲ್ಲಿ ನಿನ್ನ ಜೊತೇಲೇ ಇರ್ತಾಳೆ. ಯಾರೂ ಕಿತ್ಕೊಳ್ಳೋಲ್ಲ. ನನ್ನ ಹೆಸರೊಂದು ಹೇಳು.

ಎಲಿನ್ ಇಪ್ಪತ್ತೆಂಟು ವರ್ಷದಿಂದ ಯಾವ ದೇವರ ಹತ್ತಿರ ಏನು ಬೇಡಿದ್ಲೋ, ಅದು ಎದುರಿಗೇ ಎರಡು ಜಡೆ ಹಾಕ್ಕೊಂಡು ನಿಂತಿದೆ. ಮಗೂನ ಒಳಗೆ ಕರ್ಕೊಂಡ್ಹೋಗಿ ಹಾಲು ಕಾಯಿಸಿ ಕೊಟ್ಲು. ಮಾರಿತ್ ಕುಡೀತಾ ಸುತ್ತ ನೋಡಿದ್ಲು, ಗೋಡೆ ನೋಡಿದ್ಲು, ಕಿಟಕಿ ನೋಡಿದ್ಲು. ಆಮೇಲೆ ಮೆಲ್ಲಗೆ ಕೇಳಿದ್ಲು, ಅತ್ತೆ, ಇಲ್ಲಿ ಬೇರೆ ಮಕ್ಕಳು ಯಾರೂ ಬರೋಲ್ವಾ ಅಂತ.

ಎಲಿನ್ ಅವಳ ತುಟಿ ಮೇಲಿನ ಹಾಲು ಒರೆಸಿದ್ಲು. ಇಲ್ಲ ಕಂದ, ಇಲ್ಲಿ ಯಾರೂ ಬರೋಲ್ಲ ಅಂದ್ಲು. ಹೊರಗೆ ಬಂದು ಹಾಕನ್‌ಗೆ, ನಾಳೆ ಬಯಲಲ್ಲಿ ಹೇಳ್ತೀನಿ ನಡಿ ಅಂದ್ಲು. ಅವನು ಗೆದ್ದೆ ಅಂದ್ಕೊಂಡ.

ಮಾರನೇ ದಿನ ಬಯಲ ತುಂಬ ಜನ. ಒಂದು ಪಕ್ಕಕ್ಕೆ ಹಾಕನ್‌ನ ಮುನ್ನೂರು ಕುದುರೆ. ಎಲಿನ್ ಬಂಡೆ ಹತ್ತಿದ್ಲು. ತಲೆಗೂದಲು ಆಗಲೇ ಬಿಳೀ ಆಗಿತ್ತು. ಕೇಳಿ ಜನಗಳೇ ಅಂದ್ಲು. ನಾನು ಸುಳ್ಳು ಹೇಳೋಲ್ಲ ಅಂತ ನೀವು ನಂಬಿದ್ರಿ. ಮೊದಲನೇ ಸಲವೇ ಸುಳ್ಳು ಹೇಳಿದೆ. ತೂರೆ ತಕ್ಕವನಲ್ಲ ಅಂತ ಗೊತ್ತಿದ್ದೂ, ಮನೆಗೆ ಕರೀತಾನೆ ಅಂತ ಹೆಸರು ಹೇಳಿದೆ. ಒಬ್ಬಂಟಿಯಾಗಿ ಇಟ್ರೆ ಮನುಷ್ಯರು ನಿಜ ಹೇಳ್ತಾರೆ ಅಂದ್ಕೊಂಡ್ರಲ್ಲ, ಹಾಗಲ್ಲ. ಒಬ್ಬಂಟಿಯಾಗಿ ಇಟ್ರೆ ಒಂದು ಒಳ್ಳೇ ಮಾತಿಗೆ ಏನು ಬೇಕಾದ್ರೂ ಹೇಳ್ತಾರೆ. ನಿನ್ನೆ ನನ್ನ ತಮ್ಮ ಈ ಕೂಸನ್ನ ನನಗೆ ಕೊಡ್ತೀನಿ ಅಂದ. ಬಾಯಿ ತುದಿ ತನಕ ಅವನ ಹೆಸರು ಬಂದಿತ್ತು. ಇವತ್ತು ಹೇಳ್ತೀನಿ, ಹಾಕನ್ ತಕ್ಕವನಲ್ಲ. ಪಟ್ಟಕ್ಕೆ ಮಾರಿತ್ ಬರ್ಲಿ. ಅವಳು ದೊಡ್ಡವಳಾಗೋ ತನಕ ನಿಮ್ಮಲ್ಲೇ ಹನ್ನೆರಡು ಜನ ಹಿರಿಯರು ನಡೆಸ್ಕೊಂಡು ಹೋಗಿ. ಅವಳ ಹತ್ತಿರ ದಿನಾ ಮಕ್ಕಳು ಬರ್ಲಿ, ಹೆಂಗಸರು ಬರ್ಲಿ, ಜಗಳ ಆಡೋರೂ ಬರ್ಲಿ. ನನ್ನ ನಂತರ ಆ ಕೋಟೇಲಿ ಯಾರನ್ನೂ ಇಡಬೇಡಿ.

ಆಮೇಲೆ ಎಲ್ಲೋ ಹಿಂದೆ ಒಂದು ಕೋಲು ಟಕ್ ಅಂತು, ಆಮೇಲೆ ಹತ್ತು, ಆಮೇಲೆ ನೆಲವೇ ಗುಡುಗಿದ ಹಾಗಾಯ್ತು. ಹಾಕನ್ ಕತ್ತಿ ಹಿರಿದು ಮುನ್ನುಗ್ಗಿ ಅಂತ ಕೂಗ್ದ. ಜನ ಕತ್ತಿ ಹಿಡೀಲಿಲ್ಲ, ಓಡಲೂ ಇಲ್ಲ. ಇದ್ದಲ್ಲೇ ಕೂತುಬಿಟ್ರು, ಹೆಂಗಸರು, ಮುದುಕರು, ಬೆಸ್ತರು ಎಲ್ಲರೂ ಬಯಲ ತುಂಬ ಭುಜಕ್ಕೆ ಭುಜ ಸೇರಿಸಿ ಕೂತುಬಿಟ್ರು. ಕೂತವರ ಮೇಲೆ ಕುದುರೆ ಹತ್ತಿಸೋಕೆ ಆ ಸವಾರರಿಗೂ ಮನಸ್ಸು ಬರಲಿಲ್ಲ. ಒಬ್ಬ ಲಗಾಮು ತಿರುಗಿಸ್ದ, ಇನ್ನೊಬ್ಬ ತಿರುಗಿಸ್ದ. ಕಡೆಗೆ ಹಾಕನ್ ಒಬ್ಬನೇ ನಿಂತಿದ್ದ.

ಎಲಿನ್ ಕೆಳಗಿಳಿದು ಅವನ ಹತ್ತಿರ ಹೋದಳಂತೆ. ತಾಯಿ ಇಲ್ಲದ ಅವನಿಗೆ ತೊಟ್ಟಿಲು ತೂಗಿದವಳು ಅವಳೇ ಅಲ್ವಾ. ಊಟ ಮಾಡ್ಕೊಂಡು ಹೋಗೋ ಅಂದ್ಲು. ಅವನು ಮುಖ ತಿರುಗಿಸ್ಕೊಂಡು ಹಡಗು ಹತ್ತಿದ, ಮತ್ತೆ ಆ ಸೀಮೆಗೆ ಬರಲಿಲ್ಲ. ಗೆದ್ದ ದಿನವೂ ಎಲಿನ್ ಅತ್ತಳಂತೆ.

ಮಾರಿತ್ ರಾಣಿ ಆದ್ಲು. ಅವಳ ಮಕ್ಕಳು, ಮೊಮ್ಮಕ್ಕಳು ಏಳು ತಲೆಮಾರು ಆಳಿದ್ರಂತೆ. ಅತ್ತೆ, ಅರಮನೇಲಿ ನಿನಗೆ ಯಾವ ಕೋಣೆ ಬೇಕು ಅಂತ ಮಾರಿತ್ ಕೇಳಿದಾಗ ಎಲಿನ್, ಕೋಣೆ ಬೇಡ ಕಂದ, ಹಡಗು ಬಂದು ನಿಲ್ಲೋ ಬಂದರಿನ ಬೀದೀಲಿ ಒಂದು ಮನೆ ಕೊಡು, ಬಾಗಿಲು ಬೀದಿಗೇ ಇರ್ಲಿ ಅಂದಳಂತೆ. ಮೊದಲ ವರ್ಷ ಅವಳಿಗೆ ಕಷ್ಟವೇ ಆಯ್ತು. ಯಾರಾದ್ರೂ ಜೋರಾಗಿ ನಕ್ರೆ ಬೆಚ್ಚಿಬೀಳೋಳು, ನಾಲ್ಕು ಜನ ಒಟ್ಟಿಗೆ ಮಾತಾಡಿದ್ರೆ ಯಾರ ಮುಖ ನೋಡ್ಬೇಕು ಅಂತ ತಿಳೀತಿರಲಿಲ್ಲ. ಬರಬರ್ತಾ ಸರಿಹೋಯ್ತು. ಹಡಗಿನವರು, ಮೀನು ಮಾರೋ ಹೆಂಗಸರು, ದಾರಿಹೋಕರು ಅವಳ ಒಲೆ ಮುಂದೆ ಕೂತು ಅಂಬಲಿ ಕುಡಿದು ಹೋಗೋರು. ಬೇಸಿಗೆ ಬಂದ್ರೆ ರಾಣಿ ಮಾರಿತ್‌ನೂ ಬರೋಳು, ತಿಂಗಳುಗಟ್ಟಲೆ ಇರೋಳು.

ಒಂದು ದಿನ ಊಟದ ಹೊತ್ತಿಗೆ ಮನೆ ತುಂಬ ಎಷ್ಟು ಗದ್ದಲ ಅಂದ್ರೆ, ಎಲಿನ್ ಸೌಟು ಎತ್ತಿ, ಅಯ್ಯೋ ಒಂದು ಗಳಿಗೆ ಸುಮ್ಮನಿರಿ ಮಾರಾಯ್ರಾ ಅಂತ ಬೈದಳಂತೆ. ಬೈದವಳು ತಾನೇ ನಗೋಕೆ ಶುರು ಮಾಡಿದ್ಲು. ಯಾರಿಗೂ ಯಾಕೆ ಅಂತ ತಿಳೀಲಿಲ್ಲ, ಅವಳ ನಗು ನೋಡಿ ಎಲ್ಲರೂ ನಕ್ರು.

ಅಲ್ಲಿಗೆ ಅವಳು ದಡ ಸೇರಿದ್ಲು, ನನ್ನ ಕತೆನೂ ದಡ ಸೇರ್ತು. ಏನೇ, ಹೂಂ ಅನ್ನೋಲ್ವಾ? ನಿದ್ದೆ ಬಂತಾ? ಮಲ್ಕೋ ಮಲ್ಕೋ. ನಾನಿಲ್ಲೇ ಪಕ್ಕದಲ್ಲೇ ಇರ್ತೀನಿ.