ಅಲ್ಲಾಡುವ ಮಂಚ ಮತ್ತು ಕುಂಡೆಕುಸ್ಕನ ಬಾಲ

ಆಗ ಲೋಕ ಇನ್ನೂ ಹೊಸದು ಮಗಾ. ಎಷ್ಟು ಹೊಸದೆಂದರೆ, ಎಲ್ಲಿ ಕೂರಬೇಕೆಂದು ಬೆಟ್ಟಗಳು ಇನ್ನೂ ಯೋಚಿಸುತ್ತಿದ್ದವು. ಉಳಿ ಇರಲಿಲ್ಲ, ಗರಗಸ ಇರಲಿಲ್ಲ, ಮೊಳೆ ಅಂದರೆ ಏನೆಂದೇ ಯಾರಿಗೂ ಗೊತ್ತಿರಲಿಲ್ಲ.

ಹೊಳೆಯ ದಂಡೆಯಲ್ಲಿ ಬೊಮ್ಮ, ಚೆನ್ನಿ ಎಂಬ ಗಂಡ ಹೆಂಡತಿ ಇದ್ದರು. ಅವರಿಗೊಂದು ಹೆಣ್ಣುಕೂಸು ಹುಟ್ಟಿ ಹತ್ತು ದಿನವಾಗಿತ್ತು. ನೆಲದ ಮೇಲೆ ಮಲಗಿಸಿದರೆ ಕೂಸಿಗೆ ಇರುವೆ ಕಚ್ಚುತ್ತಿದ್ದವು. ಅದಕ್ಕೆ ಬೊಮ್ಮ ಹೊಳೆಯಲ್ಲಿ ತೇಲಿಬಂದ ಕೊಂಬೆಗಳನ್ನು ಆರಿಸಿ ತಂದು, ಬಳ್ಳಿಯಿಂದ ಬಿಗಿದು, ಒಂದು ಮಂಚ ಮಾಡಿದ. ಲೋಕದಲ್ಲಿ ಅದೇ ಮೊದಲನೇ ಮಂಚ.

ಮಂಚ ಚೆನ್ನಾಗಿಯೇ ಇತ್ತು. ಆದರೆ ಅಲ್ಲಾಡುತ್ತಿತ್ತು. ಕೂಸಿಗೆ ನಿದ್ದೆ ಹತ್ತಿತು ಅನ್ನುವಷ್ಟರಲ್ಲಿ ಟಕ್ ಎಂದು ಒಂದು ಕಡೆ ವಾಲುತ್ತಿತ್ತು. ಕೂಸು ಬೆಚ್ಚಿಬಿದ್ದು ಅಳುತ್ತಿತ್ತು. ಮೂರು ದಿನ ಹೀಗೇ ಆಯಿತು. ಅತ್ತು ಅತ್ತು ಕೂಸಿನ ದನಿ ಬಿದ್ದುಹೋಯಿತು. ಹಾಲು ಕುಡಿಯುವುದನ್ನೂ ಬಿಟ್ಟಿತು. ಚೆನ್ನಿಗೆ ಹೆದರಿಕೆಯಾಯಿತು.

ಬೊಮ್ಮ ನಾಲ್ಕು ಕಾಲನ್ನೂ ಗೇಣು ಹಾಕಿ ಅಳೆದ. ನಾಲ್ಕೂ ಒಂದೇ ಉದ್ದ. ಇನ್ನೊಂದು ಸಲ ಅಳೆದ. ಆಗಲೂ ಒಂದೇ ಉದ್ದ. ಹಾಗಿದ್ದಮೇಲೆ ಮಂಚ ಅಲ್ಲಾಡುವುದು ಯಾಕೆ ಎಂದು ಅವನಿಗೆ ತಲೆಬುಡ ತಿಳಿಯಲಿಲ್ಲ.

ಒಂದು ಕಾಲಿನ ಕೆಳಗೆ ಎಲೆ ಮಡಿಸಿ ಇಟ್ಟ. ಪಕ್ಕದ ಕಾಲು ಮೇಲೆದ್ದಿತು. ಅದರ ಕೆಳಗೂ ಎಲೆ ಇಟ್ಟ. ಇನ್ನೊಂದು ಎದ್ದಿತು. ಇಡುತ್ತಾ ತೆಗೆಯುತ್ತಾ, ತಾನು ಯಾವ ಕಾಲಿನಿಂದ ಶುರು ಮಾಡಿದೆ ಎನ್ನುವುದೇ ಅವನಿಗೆ ಮರೆತುಹೋಯಿತು. ಆ ಕಡೆ ಬಂದ ಗಾಳಿ, ಮೂಡಲ ದಿಕ್ಕಿನ ಕಾಲು ಗಿಡ್ಡ ಎಂದು ಹೇಳಿಹೋಯಿತು. ನೀರಿಗೆ ಬಂದ ಎಮ್ಮೆ, ಇಲ್ಲ, ಪಡುವಲ ದಿಕ್ಕಿನದು ಎಂದಿತು.

ದಂಡೆಯ ಮೇಲೆ ಕಪ್ಪುಬಿಳಿಯ ಪುಟ್ಟ ಹಕ್ಕಿಯೊಂದಿತ್ತು. ಆಗ ಅದಕ್ಕೆ ಹೆಸರಿರಲಿಲ್ಲ. ಅದರ ಬಾಲ ಕಡ್ಡಿಯ ಹಾಗೆ ನೆಟ್ಟಗೆ, ಸುಮ್ಮನೆ ಇರುತ್ತಿತ್ತು.

ಚೆನ್ನಿ ಅದನ್ನು ಕರೆದಳು. "ತಂಗೀ, ನಿದ್ದೆಯಿಲ್ಲದೆ ನನ್ನ ಕಣ್ಣು ಮಂಜಾಗಿದೆ. ನೀನು ಮಂಚದ ಮೂಲೆಯಲ್ಲಿ ಕೂತು, ಯಾವ ಕಾಲು ಏಳುತ್ತೆ ನೋಡಿ ಹೇಳ್ತೀಯಾ?"

ಹಕ್ಕಿ ಬಂದು ಕೂತಿತು. ಮಂಚ ಮೇಲೆ ಹೋಯಿತು, ಕೆಳಗೆ ಬಂತು. ಬೀಳದಿರಲೆಂದು ಹಕ್ಕಿಯೂ ಬಾಲ ಎತ್ತಿತು, ಇಳಿಸಿತು. ಈ ಮೂಲೆಯಲ್ಲಿ ಕೂತರೆ ಆ ಮೂಲೆ ಏಳುತ್ತಿತ್ತು. ಆ ಮೂಲೆಗೆ ಹಾರಿದರೆ ಈ ಮೂಲೆ ಏಳುತ್ತಿತ್ತು. ಪಾಪ, ದಿನವೆಲ್ಲ ನೋಡಿತು. ಕೊನೆಗೆ ತಾನು ಮೇಲೆ ಹೋಗುತ್ತಿದ್ದೇನೋ, ಹೊಳೆಯೇ ಕೆಳಗೆ ಇಳಿಯುತ್ತಿದೆಯೋ ಎನ್ನುವುದೂ ಅದಕ್ಕೆ ತಿಳಿಯದಾಯಿತು.

ಚೆನ್ನಿ ಹೊಳೆಗೆ ಹೋಗಿ ಮುಖ ತೊಳೆಯುತ್ತಾ ಅತ್ತಳು. ಹೊಳೆ ಯಾಕೆಂದು ಕೇಳಿತು. ಚೆನ್ನಿ ಎಲ್ಲವನ್ನೂ ಹೇಳಿದಳು.

"ಎಷ್ಟೋ ಕಲ್ಲುಗಳನ್ನ ಕೂರಿಸಿದ್ದೀನಿ ಮಗಳೇ," ಎಂದಿತು ಹೊಳೆ. "ಅವುಗಳ ಕೆಳಗೆ ಏನನ್ನೂ ಇಡೋದಿಲ್ಲ. ಸ್ವಲ್ಪ ಸ್ವಲ್ಪವೇ ತಿರುಗಿಸ್ತೀನಿ. ಎಲ್ಲೋ ಒಂದು ಕಡೆ ತಾವೇ ಕೂತುಕೊಳ್ತವೆ. ನಿನ್ನ ಮಂಚದ ಕಾಲು ಗಿಡ್ಡ ಅಲ್ಲ, ನೆಲ ಉಬ್ಬುತಗ್ಗು."

ಚೆನ್ನಿ ಬಂದು ಹೇಳಿದಾಗ ಬೊಮ್ಮನಿಗೆ ಇದು ಅರ್ಥವಾಗಲಿಲ್ಲ. ಆದರೂ ಎಲೆಗಳನ್ನೆಲ್ಲ ತೆಗೆದುಹಾಕಿದ. ಇಬ್ಬರೂ ಸೇರಿ ಮಂಚವನ್ನು ಇದ್ದಲ್ಲೇ ಒಂದಿಷ್ಟು ತಿರುಗಿಸಿದರು. ಅಲ್ಲಾಡಿತು. ಇನ್ನೊಂದಿಷ್ಟು ತಿರುಗಿಸಿದರು. ಅಲ್ಲಾಡಿತು. ಮತ್ತೊಂದಿಷ್ಟು ತಿರುಗಿಸಿದಾಗ ನಾಲ್ಕು ಕಾಲೂ ಒಟ್ಟಿಗೆ ನೆಲ ಮುಟ್ಟಿದವು. ಬೊಮ್ಮ ಕೈಯಿಂದ ಒತ್ತಿ ನೋಡಿದ. ಮಂಚ ಮಿಸುಕಲಿಲ್ಲ.

ಅದೇ ಮಂಚ, ಅದೇ ನೆಲ. ಬೊಮ್ಮ ತಲೆ ಕೆರೆದುಕೊಳ್ಳುತ್ತಾ ಮೂರು ಸುತ್ತು ಬಂದ. ಆಗಲೂ ಅವನಿಗೆ ಅರ್ಥವಾಗಲಿಲ್ಲ. ಚೆನ್ನಿ ಅರ್ಥ ಮಾಡಿಕೊಳ್ಳಲು ಹೋಗಲೇ ಇಲ್ಲ. ಕೂಸನ್ನು ಮಲಗಿಸಿದಳು. ಕೂಸು ಒಮ್ಮೆ ನಿಟ್ಟುಸಿರು ಬಿಟ್ಟು ನಿದ್ದೆಹೋಯಿತು. ಎಚ್ಚರವಾದಾಗ ಹೊಟ್ಟೆ ತುಂಬ ಹಾಲು ಕುಡಿಯಿತು.

ಹಕ್ಕಿ ಮಾತ್ರ ಮೂಲೆಯಲ್ಲೇ ಕೂತಿತ್ತು. ಅದರ ಬಾಲ ಮೇಲೆ ಕೆಳಗೆ, ಮೇಲೆ ಕೆಳಗೆ ಆಡುತ್ತಿತ್ತು.

"ಮಂಚ ನಿಂತಿತು ತಂಗೀ, ಇನ್ನು ಇಳಿ," ಎಂದಳು ಚೆನ್ನಿ ಮೆಲ್ಲಗೆ.

ಹಕ್ಕಿ ಮಂಚವನ್ನು ನೋಡಿತು. ಹೊಳೆಯನ್ನು ನೋಡಿತು. "ಮಂಚ ನಿಂತಿದೆ ಅಂದರೆ, ಅಕ್ಕಾ, ಈಗ ಅಲ್ಲಾಡ್ತಾ ಇರೋದು ಯಾರು?"

ಹಕ್ಕಿ ಹಾರಿಹೋಗಿ ಹೊಳೆಯ ಬಂಡೆಯ ಮೇಲೆ ಕೂತಿತು. ಬಂಡೆಯೂ ಅಲ್ಲಾಡಿದಂತೆ ಕಂಡಿತು. ಕೇಳಿದರೆ, ತಾನು ಹುಟ್ಟಿದಾಗಿನಿಂದ ಕದಲಿಲ್ಲ ಎಂದಿತು ಬಂಡೆ. ಹಕ್ಕಿಗೆ ನಂಬಿಕೆ ಬರಲಿಲ್ಲ. ನಾಲ್ಕು ಹೆಜ್ಜೆ ಓಡಿ ಇನ್ನೊಂದು ಬಂಡೆಗೆ ಹೋಯಿತು.

ಅದಕ್ಕೇ ಮಗಾ, ನಾವು ಕುಂಡೆಕುಸ್ಕ ಎಂದು ಕರೆಯುವ ಆ ಕಪ್ಪುಬಿಳಿಯ ಹಕ್ಕಿ ಹೊಳೆಯ ದಂಡೆಯಲ್ಲಾಗಲಿ, ನಮ್ಮ ತಾರಸಿಯ ಮೇಲಾಗಲಿ, ನಾಲ್ಕು ಹೆಜ್ಜೆ ಓಡಿ ನಿಂತು, ಕಾಲ ಕೆಳಗಿನದು ಅಲ್ಲಾಡುತ್ತಿದೆಯೋ ತಾನೇ ಅಲ್ಲಾಡುತ್ತಿದ್ದೇನೋ ಎಂದು ಇವತ್ತಿಗೂ ಬಾಲ ಆಡಿಸಿ ನೋಡುತ್ತಲೇ ಇರುತ್ತದೆ.